ಅಲೆಕ್ಸಾದಲ್ಲಿ ಗಮಕ: ಕ್ಯಾಸೆಟ್ಟಿನಿಂದ ಸ್ಕಿಲ್‌ವರೆಗೆ

ಅಮೆಜಾನಿನ ಮಾತಾಡುವ ಸ್ಪೀಕರ್ ಅಲೆಕ್ಸಾಗೆ ಕನ್ನಡ ಬರುವುದಿಲ್ಲ. ಭಾರತದಲ್ಲಿ ಅದಕ್ಕೆ ಇಂಗ್ಲಿಷ್ ಬರುತ್ತದೆ, 2019ರಿಂದ ಹಿಂದಿಯೂ ಬರುತ್ತದೆ. ಆದರೆ ಕನ್ನಡದ ಧ್ವನಿಯನ್ನು ಕೇಳಿಸುವುದಕ್ಕೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಒಂದು ಆಡಿಯೊ ಫೈಲಿನ ವಿಳಾಸ ಕೊಟ್ಟರೆ ಸಾಕು, ಅದು ಯಾವ ಭಾಷೆಯದ್ದಾದರೂ ಸ್ಪೀಕರ್ ಕೇಳಿಸುತ್ತದೆ. ಇಷ್ಟನ್ನೇ ನಂಬಿಕೊಂಡು ನಾನು ಒಂದು ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವ, ಸ್ಕಿಲ್ ಕಟ್ಟಿದೆ. ಅಲೆಕ್ಸಾಗೆ ಹೊರಗಿನವರು ಬರೆದು ಸೇರಿಸುವ ಆ್ಯಪ್‌ಗೆ ಸ್ಕಿಲ್ ಅನ್ನುತ್ತಾರೆ.

ಕೇಳುವವರು ಯಾರು ಎಂಬುದು ಮೊದಲೇ ಗೊತ್ತಿತ್ತು. ಶಿವಮೊಗ್ಗದಲ್ಲಿರುವ ನಮ್ಮ ದೊಡ್ಡಮ್ಮ. ಎಂಬತ್ತು ದಾಟಿದೆ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ದೊಡ್ಡಪ್ಪ ಗಮಕಿಯಾಗಿದ್ದರು. ಮಳೆಗಾಲದ ಸಂಜೆಗಳಲ್ಲಿ ಬಡಾವಣೆಯ ದೇವಸ್ಥಾನದಲ್ಲಿ ಕುಮಾರವ್ಯಾಸನ ಭಾರತ ಓದುತ್ತಿದ್ದರು. ಅವರ ಸ್ನೇಹಿತರಾದ ಮೇಷ್ಟ್ರೊಬ್ಬರು ಪಕ್ಕದಲ್ಲಿ ಕೂತು ವ್ಯಾಖ್ಯಾನ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಮನೆಯವರು ಅದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ದೊಡ್ಡಪ್ಪ ಈಗಿಲ್ಲ, ಕ್ಯಾಸೆಟ್‌ಗಳು ಇವೆ.

ಫೋನಿಗೆ ಹಾಕಿಕೊಟ್ಟರೆ ಮುಟ್ಟಿ ಹುಡುಕಬೇಕು. ಕಣ್ಣು ಕಾಣದವರ ಬೆರಳಿಗೆ ಗಾಜಿನ ಪರದೆಯ ಮೇಲೆ ಯಾವ ಗುರುತೂ ಸಿಗುವುದಿಲ್ಲ. ಮನೆಯಲ್ಲಿದ್ದ ಪೆನ್‌ಡ್ರೈವ್ ರೇಡಿಯೊ ಕರೆಂಟ್ ಹೋದಾಗಲೆಲ್ಲ ಮೊದಲ ಫೈಲಿಗೆ ಹೋಗುತ್ತಿತ್ತು. ಪ್ರತಿ ಸಲ ಸೊಸೆಯನ್ನು ಕರೆಯುವುದು ದೊಡ್ಡಮ್ಮನಿಗೆ ಇಷ್ಟವಿಲ್ಲ. "ಯಾರಿಗೂ ತೊಂದರೆ ಕೊಡದೆ ನಾನೇ ಹಾಕ್ಕೊಳ್ಳೋ ಹಾಗಿರಬೇಕು ಕಣೋ" ಅಂದರು.

ಇಡೀ ಕೆಲಸ ಹೇಗಿರಬೇಕು ಎಂಬುದು ಆ ಮಾತಿನಲ್ಲೇ ಇತ್ತು. ಯಂತ್ರಕ್ಕೆ ಅವರ ಭಾಷೆ ಬಾರದು. ಹಾಗಾದರೆ ಅವರು ಹೇಳಬೇಕಾದ ಮಾತು ಆದಷ್ಟು ಕಡಿಮೆ ಇರಬೇಕು, ಮಿಕ್ಕದ್ದನ್ನೆಲ್ಲ ಸ್ಕಿಲ್ ನೆನಪಿಟ್ಟುಕೊಳ್ಳಬೇಕು. ಎಲ್ಲಿ ನಿಲ್ಲಿಸಿದ್ದರು, ಮುಂದೆ ಯಾವುದು, ಎಲ್ಲಿಂದ ಶುರು ಮಾಡಿದರೆ ಅರ್ಥವಾಗುತ್ತದೆ, ಇದೆಲ್ಲ ನನ್ನ ಪ್ರೋಗ್ರಾಮಿನ ಹೊಣೆ.

ಮೊದಲು ಅನುಮತಿಯ ವಿಷಯ. ಕಾವ್ಯ 15ನೇ ಶತಮಾನದ್ದು, ಅದಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಓದಿದವರಿಗೆ ತಮ್ಮ ಓದಿನ ಮೇಲೆ ಹಕ್ಕಿದೆ. ನಮ್ಮ ಕಾಪಿರೈಟ್ ಕಾನೂನಿನಲ್ಲಿ ಅದು 50 ವರ್ಷ ನಡೆಯುತ್ತದೆ, ಧ್ವನಿಮುದ್ರಣದ ಹಕ್ಕು 60 ವರ್ಷ. ವ್ಯಾಖ್ಯಾನ ಮಾಡಿದ ಮೇಷ್ಟ್ರ ಮನೆಗೆ ಹೋಗಿ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು, ಕಾಗದದ ಮೇಲೆ ಬರೆದೂ ಕೊಟ್ಟರು. ಮನೆಯವರದ್ದೇ ರೆಕಾರ್ಡಿಂಗ್ ಅಲ್ವಾ ಅಂತ ಈ ಕೆಲಸ ಬಿಡಬಾರದು. ಸ್ಕಿಲ್ ಎಲ್ಲರಿಗೂ ತೆರೆದುಕೊಂಡ ಮೇಲೆ ಅದು ಮನೆಯ ವಿಷಯವಾಗಿ ಉಳಿಯುವುದಿಲ್ಲ.

ಕ್ಯಾಸೆಟ್‌ಗಳನ್ನು ಹಳೆಯ ಡೆಕ್‌ನಿಂದ ಲ್ಯಾಪ್‌ಟಾಪಿಗೆ ಇಳಿಸಿದೆ. ಡೆಕ್‌ನ ಹೆಡ್ ಒರೆಸುವುದು, ಅಂಟಿಕೊಂಡ ಟೇಪನ್ನು ಒಮ್ಮೆ ಪೂರ್ತಿ ಸುತ್ತಿ ಬಿಚ್ಚುವುದು, ಆಮೇಲೆ ಆಡಾಸಿಟಿ ಎಂಬ ಧ್ವನಿ ಮುದ್ರಿಸುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುವುದು. 90 ನಿಮಿಷದ ಕ್ಯಾಸೆಟ್ ಆದರೆ ಒಂದು ಮಗ್ಗುಲು 45 ನಿಮಿಷ. ಇದರಲ್ಲಿ ಅಡ್ಡದಾರಿ ಇಲ್ಲ, 45 ನಿಮಿಷದ ಟೇಪಿಗೆ 45 ನಿಮಿಷ ಕೂರಲೇಬೇಕು. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನು ತೆಗೆದೆ. ಟೇಪಿನ ಸುಯ್ ಸದ್ದನ್ನು ಪೂರ್ತಿ ತೆಗೆಯಲಿಲ್ಲ. ಅದನ್ನು ಜಾಸ್ತಿ ಒರೆಸಿದರೆ ಗಮಕಿಯ ಕಂಠದ ಸಣ್ಣ ಎಳೆಗಳೂ ಅದರ ಜೊತೆ ಹೋಗುತ್ತವೆ. ದೊಡ್ಡಪ್ಪ ಉಸಿರು ತೆಗೆದುಕೊಳ್ಳುವುದು ಕೇಳಬೇಕು ಅನ್ನುವುದು ನನ್ನ ಹಟ.

ಧ್ವನಿಯ ಮಟ್ಟ ಮಾತ್ರ ಎಲ್ಲ ಫೈಲಿನಲ್ಲೂ ಒಂದೇ ಇರಬೇಕು. ಅಲೆಕ್ಸಾಗೆ ಸೂಚಿಸಿರುವ ಮಟ್ಟ ಮೈನಸ್ 14 ಲಫ್ಸ್ (ಧ್ವನಿ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ). ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಆ ಮಟ್ಟಕ್ಕೆ ತಂದು, ಮೋನೊ ಎಂಪಿ3 ಮಾಡಿದೆ, ಸೆಕೆಂಡಿಗೆ 64 ಕಿಲೋಬಿಟ್. ಒಂದು ಗಂಟೆಯ ಓದು 29 ಎಂಬಿಗೂ ಕಡಿಮೆಯಾಯಿತು. ಒಬ್ಬರ ಕಂಠ, ಒಂದು ಶ್ರುತಿಪೆಟ್ಟಿಗೆ, ಒಂದು ವ್ಯಾಖ್ಯಾನ, ಇದಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಅಲೆಕ್ಸಾ 16ರಿಂದ 384 ಕಿಲೋಬಿಟ್‌ವರೆಗಿನ ಸ್ಟ್ರೀಮ್ ತೆಗೆದುಕೊಳ್ಳುತ್ತದೆ. ಊರಿನ ಇಂಟರ್ನೆಟ್ ನಿಧಾನವಾದ ಸಂಜೆಯಲ್ಲೂ 64 ಹರಿಯುತ್ತದೆ.

ಈಗ ಸ್ಕಿಲ್ ಕೆಲಸ ಮಾಡುವ ಬಗೆ. ಹೊಸಬರು ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆಡಿಯೊ ನಮ್ಮ ಪ್ರೋಗ್ರಾಮಿನ ಮೂಲಕ ಹೋಗುವುದೇ ಇಲ್ಲ. ಕೇಳುವವರು ಮಾತಾಡುತ್ತಾರೆ. ಅಲೆಕ್ಸಾದ ಸರ್ವರ್ ಆ ಮಾತನ್ನು ಅರ್ಥ ಮಾಡಿಕೊಂಡು ನಮ್ಮ ಪ್ರೋಗ್ರಾಮಿಗೆ ಒಂದು ಸಂದೇಶ ಕಳಿಸುತ್ತದೆ. ನಾವು "ಈ ವಿಳಾಸದ ಫೈಲನ್ನು ಇಷ್ಟನೇ ಮಿಲಿಸೆಕೆಂಡಿನಿಂದ ಹಾಕು" ಅಂತ ಉತ್ತರ ಕೊಡುತ್ತೇವೆ. ಆಮೇಲೆ ಸ್ಪೀಕರ್ ನೇರವಾಗಿ ಆ ವಿಳಾಸಕ್ಕೆ ಹೋಗಿ ಫೈಲನ್ನು ತಂದುಕೊಳ್ಳುತ್ತದೆ. ಓದು ನಡೆಯುತ್ತಿರುವಾಗ ನಮ್ಮ ಪ್ರೋಗ್ರಾಂ ಓಡುತ್ತಿರುವುದಿಲ್ಲ. ಏನಾದರೂ ಆದಾಗ ಮಾತ್ರ ಸ್ಪೀಕರ್ ಅದನ್ನು ಎಬ್ಬಿಸಿ ಹೇಳುತ್ತದೆ: ಶುರುವಾಯಿತು, ನಿಂತಿತು, ಮುಗಿಯುತ್ತಾ ಬಂತು, ಮುಗಿಯಿತು, ಕೆಟ್ಟಿತು. ಈ ಐದು ಸುದ್ದಿಗಳ ಮೇಲೆಯೇ ನಾವು ಎಲ್ಲವನ್ನೂ ಕಟ್ಟಬೇಕು. ಈ ಸುದ್ದಿಗಳಿಗೆ ಉತ್ತರ ಕೊಡುವಾಗ ಅಲೆಕ್ಸಾ ಕೈಯಲ್ಲಿ ಮಾತಾಡಿಸುವ ಹಾಗಿಲ್ಲ.

ಅದರಲ್ಲೂ "ಮುಗಿಯುತ್ತಾ ಬಂತು" ಎಂಬ ಸುದ್ದಿಯನ್ನು ಅದರ ಹೆಸರು ನೋಡಿ ನಂಬಬಾರದು. ಅದರ ನಿಜವಾದ ಅರ್ಥ, ಮುಂದಿನ ಫೈಲನ್ನು ಸಾಲಿಗೆ ಸೇರಿಸಿಕೊಳ್ಳಲು ಸ್ಪೀಕರ್ ಸಿದ್ಧವಾಗಿದೆ ಅಂತ. ಕಿವಿಗೆ ಇನ್ನೂ ಅರ್ಧ ಓದು ಬಾಕಿ ಇರುವಾಗಲೇ ಅದು ಬರಬಹುದು. ಹಾಗಾಗಿ ಆ ಸುದ್ದಿ ಬಂದಾಗ ಮುಂದಿನ ತುಂಡನ್ನು ಸಾಲಿಗೆ ಹಾಕುವುದಷ್ಟೇ ಕೆಲಸ. ಕೇಳುವವರು ಎಲ್ಲಿದ್ದಾರೆ ಎಂಬ ಲೆಕ್ಕವನ್ನು ಆಗ ಬದಲಿಸಬಾರದು. ಆ ಲೆಕ್ಕ ಬದಲಾಗುವುದು "ಶುರುವಾಯಿತು", "ನಿಂತಿತು", "ಮುಗಿಯಿತು" ಬಂದಾಗ ಮಾತ್ರ. "ನಿಂತಿತು" ಜೊತೆಗೆ ನಿಂತ ಜಾಗ ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅದನ್ನು ಅಮೆಜಾನಿನ ಡೇಟಾಬೇಸ್ ಆದ ಡೈನಮೊಡಿಬಿಯ ಒಂದು ಚಿಕ್ಕ ಟೇಬಲ್ಲಿನಲ್ಲಿ ಬರೆದಿಡುತ್ತೇನೆ.

ಇಷ್ಟು ಸಾಕೇ? ಶಿವಮೊಗ್ಗದ ಮಳೆಗಾಲಕ್ಕೆ ಸಾಲದು. ಕರೆಂಟ್ ಹೋದರೆ ಸ್ಪೀಕರ್ ತಟ್ಟನೆ ಸತ್ತುಹೋಗುತ್ತದೆ. "ನಿಂತಿತು" ಅಂತ ಹೇಳುವುದಕ್ಕೂ ಅದಕ್ಕೆ ಸಮಯವಿರುವುದಿಲ್ಲ. ಕರೆಂಟ್ ಬಂದ ಮೇಲೆ ಅದು ಹೊಸದಾಗಿ ಶುರುವಾಗುತ್ತದೆ, ನಡೆಯುತ್ತಿದ್ದ ಓದು ಅದಕ್ಕೆ ನೆನಪಿರುವುದಿಲ್ಲ. ಓದಿನ ನಡುನಡುವೆ "ಈಗ ಇಲ್ಲಿದ್ದೇನೆ" ಅಂತ ಹೇಳುವ ಏರ್ಪಾಡು ಈ ಬಗೆಯ ಸ್ಕಿಲ್‌ಗಳಿಗೆ ಸಿಗುವುದಿಲ್ಲ. 45 ನಿಮಿಷದ ಒಂದೇ ಫೈಲ್ ಇಟ್ಟಿದ್ದರೆ ನಲವತ್ತನೇ ನಿಮಿಷದಲ್ಲಿ ಕರೆಂಟ್ ಹೋದವರು ಮತ್ತೆ ಮೊದಲಿನಿಂದ ಕೇಳಬೇಕು. ಪೆನ್‌ಡ್ರೈವ್ ರೇಡಿಯೊಗೂ ಇದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಇದಕ್ಕೆ ಉತ್ತರ ಪ್ರೋಗ್ರಾಮಿನಲ್ಲಿ ಇರಲಿಲ್ಲ, ಗಮಕದಲ್ಲಿ ಇತ್ತು. ಗಮಕಿ ಕೆಲವು ಪದ್ಯ ಓದಿ ನಿಲ್ಲುತ್ತಾರೆ. ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಮತ್ತೆ ಗಮಕಿ ಶುರು ಮಾಡುತ್ತಾರೆ. ಆ ವ್ಯಾಖ್ಯಾನ ಮುಗಿಯುವ ಕಡೆ ಕತ್ತರಿಸಿದರೆ ಕಥೆಗೂ ನೋವಾಗುವುದಿಲ್ಲ, ರಾಗಕ್ಕೂ ನೋವಾಗುವುದಿಲ್ಲ. ಹಾಗೆ ಎಲ್ಲ ರೆಕಾರ್ಡಿಂಗನ್ನೂ ಹತ್ತು ನಿಮಿಷದ ಆಸುಪಾಸಿನ ತುಂಡು ಮಾಡಿದೆ. ತುಂಡುಗಳು ಒಂದಾದ ಮೇಲೊಂದು ಸಾಲಿನಲ್ಲಿ ಬರುತ್ತವೆ. ನಡುವೆ ಬರುವ ಸಣ್ಣ ಬಿಡುವು ಗಮಕಿ ಗಂಟಲು ಸರಿಮಾಡಿಕೊಳ್ಳುವ ಹೊತ್ತಿನಷ್ಟೇ ಇರುತ್ತದೆ. ಪ್ರತಿ ತುಂಡು ಶುರುವಾದಾಗ ಅದರ ಹೆಸರು ದಾಖಲಾಗುತ್ತದೆ. ಈಗ ಯಾವಾಗ ಕರೆಂಟ್ ಹೋದರೂ ಕಳೆದುಕೊಳ್ಳುವುದು ಹತ್ತು ನಿಮಿಷದೊಳಗಿನ ಓದು.

ಇನ್ನೊಂದು ಹೆಜ್ಜೆ ಮುಂದೆ ಹೋದೆ. ನಿಲ್ಲಿಸಿದ ಜಾಗದಿಂದಲೇ ಸರಿಯಾಗಿ ಶುರುವಾದರೆ ಪದ್ಯದ ನಡುವಿನ ಒಂದು ಅರ್ಧ ಮಾತು ಕಿವಿಗೆ ಬೀಳುತ್ತದೆ. ಅದರಿಂದ ಯಾರಿಗೂ ಸುಖವಿಲ್ಲ. ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಕೆಲವು ಸೆಕೆಂಡು ಹಿಂದಕ್ಕೆ ಹೋಗಿ ಶುರು ಮಾಡುವ ಪದ್ಧತಿ ಇದೆ. ಪದ್ಯಕ್ಕೆ ಆ ಲೆಕ್ಕ ಸರಿಹೋಗುವುದಿಲ್ಲ, ಅದು ಪದ್ಯದ ಮೊದಲಿನಿಂದಲೇ ಬರಬೇಕು. ಅಂದರೆ ಪ್ರತಿ ಪದ್ಯ ಯಾವ ಸೆಕೆಂಡಿನಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಬೇಕು.

ಮೌನ ಹುಡುಕುವ ಸಾಫ್ಟ್‌ವೇರ್ ಇಲ್ಲಿ ನೆರವಾಗಲಿಲ್ಲ. ಶ್ರುತಿ ನಿಲ್ಲುವುದಿಲ್ಲ, ಟೇಪಿನ ಸದ್ದು ನಿಲ್ಲುವುದಿಲ್ಲ, ಗಮಕಿ ಒಂದು ಸ್ವರವನ್ನು ಎಳೆದು ಮುಂದಿನದ್ದಕ್ಕೆ ಸೇರಿಸುತ್ತಾರೆ. ಕಿವಿಯೇ ಗತಿ. ಭಾಮಿನಿ ಷಟ್ಪದಿಯ ಗುಣ ಇದರಲ್ಲಿ ತುಂಬಾ ಸಹಾಯ ಮಾಡಿತು. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ಎರಡನೇ ಸಲ ಆ ಉದ್ದದ ಸಾಲು ಬಂದು ನಿಂತರೆ ಪದ್ಯ ಮುಗಿಯಿತು. ಅಕ್ಷರ ಬಿಡಿಸಿ ಕೇಳದಿದ್ದರೂ ಲಯವೇ ಹೇಳುತ್ತದೆ. ವ್ಯಾಖ್ಯಾನ ಮಾಡಿದ ಮೇಷ್ಟ್ರ ಮಗಳು ಈ ಕೆಲಸಕ್ಕೆ ಜೊತೆಯಾದರು. ಅವರು ಪುಸ್ತಕ ಹಿಡಿದು ಪದ್ಯದ ಸಂಖ್ಯೆ ಹೇಳುವುದು, ನಾನು ಆಡಾಸಿಟಿಯಲ್ಲಿ ಆ ಜಾಗಕ್ಕೆ ಲೇಬಲ್ ಹಾಕುವುದು. ಲೇಬಲ್‌ಗಳನ್ನೆಲ್ಲ ಕೊನೆಗೆ ಒಂದು ಟೆಕ್ಸ್ಟ್ ಫೈಲಾಗಿ ತೆಗೆಯಬಹುದು: ಶುರುವಿನ ಹೊತ್ತು, ಕೊನೆಯ ಹೊತ್ತು, ಹೆಸರು. ಅದೇ ಫೈಲನ್ನು ಪ್ರೋಗ್ರಾಂ ಓದಿಕೊಳ್ಳುತ್ತದೆ. ಈ ಸ್ಕಿಲ್‌ನಲ್ಲಿ ಬೆಲೆಬಾಳುವುದು ಯಾವುದು ಅಂತ ಕೇಳಿದರೆ ನಾನು ಈ ಪಟ್ಟಿಯನ್ನು ತೋರಿಸುತ್ತೇನೆ. ಕೋಡನ್ನು ಯಾರಾದರೂ ಇನ್ನೊಮ್ಮೆ ಬರೆಯಬಹುದು.

ಇನ್ನು ಹೆಸರು. ಸ್ಕಿಲ್ ಕರೆಯಲು ಒಂದು ಹೆಸರು ಬೇಕು. ಸಾಮಾನ್ಯವಾಗಿ ಅದು ಎರಡು ಪದವಾದರೂ ಇರಬೇಕು. ಓಪನ್, ಆಸ್ಕ್, ಪ್ಲೇ ತರಹದ ಪದಗಳು ಅದರಲ್ಲಿ ಬರಬಾರದು. ಕೇಳುವ ಯಂತ್ರ ಇಂಡಿಯನ್ ಇಂಗ್ಲಿಷಿನ ಕಿವಿಯಿಂದ ಕೇಳುತ್ತದೆ, ಹೇಳುವವರು ಮಲೆನಾಡಿನ ಎಂಬತ್ತು ದಾಟಿದ ಹೆಂಗಸು. ಇಬ್ಬರಿಗೂ ಸರಿಹೋಗುವ ಹೆಸರು ಸುಮ್ನೆ ಕೂತು ಯೋಚಿಸಿದರೆ ಸಿಗುವುದಿಲ್ಲ. ಐದಾರು ಹೆಸರು ಬರೆದುಕೊಂಡು ಅಕ್ಕಪಕ್ಕದ ಮನೆಯ ಹಿರಿಯರ ಕೈಯಲ್ಲೆಲ್ಲ ಹೇಳಿಸಿದೆ. ಅಲೆಕ್ಸಾ ಅದನ್ನು ಯಾವ ಅಕ್ಷರಗಳಾಗಿ ಬರೆದುಕೊಳ್ಳುತ್ತದೆ ಅಂತ ಫೋನಿನ ಆ್ಯಪ್‌ನಲ್ಲಿ ಕಾಣುತ್ತದೆ. ಕೊನೆಗೆ ಉಳಿದದ್ದು "ಭಾರತ ಕಟ್ಟೆ". ಭಾರತ ಅನ್ನುವುದು ಯಂತ್ರಕ್ಕೆ ಚೆನ್ನಾಗಿ ಗೊತ್ತಿರುವ ಪದ. ಕಟ್ಟೆಯ ಒತ್ತಕ್ಷರವನ್ನು ಹಿರಿಯರು ಗಟ್ಟಿಯಾಗಿ ಹೇಳುತ್ತಾರೆ, ಅದೂ ನಿಲ್ಲುತ್ತದೆ.

ಪರ್ವಗಳ ಹೆಸರನ್ನೂ ಸೇರಿಸಿದೆ, ಆದಿಪರ್ವದಿಂದ ಗದಾಪರ್ವದವರೆಗೆ ಹತ್ತು. ಒಂದೊಂದಕ್ಕೂ ಜನ ಹೇಳುವ ಬೇರೆ ಬೇರೆ ರೂಪಗಳನ್ನು ಸಮಾನಪದಗಳಾಗಿ ಕೊಟ್ಟೆ: ಉದ್ಯೋಗ, ಉದ್ಯೋಗಪರ್ವ, ಉದ್ಯೋಗ್ ಪರ್ವ. ವಿರಾಟಪರ್ವ ಮೊದಲ ಸಲಕ್ಕೇ ಸಿಕ್ಕಿತು. ಆ ಹೆಸರಿನ ಕ್ರಿಕೆಟ್ ಆಟಗಾರರನ್ನು ಯಾರು ತಾನೇ ಕೇಳಿಲ್ಲ? ಶಲ್ಯ ಮತ್ತು ಗದಾ ಪರ್ವಗಳಿಗೆ ಹೆಚ್ಚು ರೂಪಗಳು ಬೇಕಾದವು. ಆದರೂ ಇದು ಬೇಕೆಂದವರಿಗೆ ಮಾತ್ರ. ಬರೀ "ಅಲೆಕ್ಸಾ, ಓಪನ್ ಭಾರತ ಕಟ್ಟೆ" ಅಂದರೆ ಸಾಕು. ಸ್ವಾಗತವಿಲ್ಲ, ಏನು ಬೇಕು ಎಂಬ ಪ್ರಶ್ನೆ ಇಲ್ಲ, ಪಟ್ಟಿ ಓದುವುದಿಲ್ಲ. ನಿಲ್ಲಿಸಿದ ಪದ್ಯದ ಮೊದಲಿನಿಂದ ಓದು ಶುರು. "ರೆಸ್ಯೂಮ್" ಅಂದರೂ ಅದೇ ಆಗುತ್ತದೆ. ಆದರೆ "ರೆಸ್ಯೂಮ್" ಕೊನೆಯದಾಗಿ ಆಡಿಯೊ ಹಾಕಿದ ಸ್ಕಿಲ್‌ಗೆ ಹೋಗುತ್ತದೆ. ನಡುವೆ ವಾರ್ತೆ ಕೇಳಿದ್ದರೆ ವಾರ್ತೆಯೇ ಬರಬಹುದು. ಆದ್ದರಿಂದ ದೊಡ್ಡಮ್ಮನಿಗೆ ಹೆಸರನ್ನೇ ಕಲಿಸಿದೆ. ಪಾಜ್, ಸ್ಟಾಪ್ ಎರಡಕ್ಕೂ ಒಂದೇ ಕೆಲಸ ಇಟ್ಟೆ. ಎರಡರ ವ್ಯತ್ಯಾಸ ಅವರು ಯಾಕೆ ತಿಳಿಯಬೇಕು?

ಕೇಳುವವರು ಕರೆದಾಗ ಅಲೆಕ್ಸಾ ಏನಾದರೂ ಹೇಳಬೇಕಾದ ಸಂದರ್ಭಗಳಿವೆ. ಅವರು ಪರ್ವ ಬದಲಿಸಿದಾಗ ಹೇಳಬೇಕು, ಫೈಲ್ ಸಿಗದಿದ್ದಾಗ ಹೇಳಬೇಕು. ಅದು ಇಂಗ್ಲಿಷಿನಲ್ಲಿ ಹೇಳಿದರೆ ದೊಡ್ಡಮ್ಮನಿಗೆ ಉಪಯೋಗವಿಲ್ಲ. ಇದಕ್ಕೆ ಒಂದು ದಾರಿ ಇದೆ. ಮಾತಿನ ಜಾಗದಲ್ಲಿ ನಮ್ಮದೇ ಎಂಪಿ3 ತುಣುಕು ಕೊಡಬಹುದು. ಒಂದು ಉತ್ತರದಲ್ಲಿ ಒಟ್ಟು 240 ಸೆಕೆಂಡ್ ಮೀರಬಾರದು, ಅದಕ್ಕೆ 48 ಕಿಲೋಬಿಟ್ ಇರಬೇಕು. ದೊಡ್ಡಮ್ಮನ ಮೊಮ್ಮಗಳು ಎಲ್ಲ ವಾಕ್ಯಗಳನ್ನೂ ಓದಿ ಕೊಟ್ಟಳು. "ಉದ್ಯೋಗಪರ್ವ, ಮೂರನೇ ಸಂಧಿ." "ಇಂಟರ್ನೆಟ್ ನಿಂತಿದೆ ಅಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಕರೀರಿ." ಇಂಟರ್ನೆಟ್ ಪೂರ್ತಿ ಇಲ್ಲದಿದ್ದರೆ ಈ ಎರಡನೆಯದು ಕೇಳಿಸಲಾರದು, ಫೈಲ್ ಇಟ್ಟ ಕಡೆ ತೊಡಕಾದಾಗ ಮಾತ್ರ ಬರುತ್ತದೆ. ಹಾಗಾಗಿ ಆಮೇಲೆ ಅದನ್ನು "ಓದು ಸಿಗುತ್ತಿಲ್ಲ ಅಜ್ಜಿ" ಅಂತ ತಿದ್ದಿ ಹೇಳಿಸಿದೆವು.

ಪ್ರಕಟಿಸುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಸಲೀಸಾಗಿತ್ತು. ಪ್ರೋಗ್ರಾಮನ್ನು ಲ್ಯಾಂಬ್ಡಾದಲ್ಲಿ (ಕರೆ ಬಂದಾಗ ಮಾತ್ರ ಪ್ರೋಗ್ರಾಂ ಓಡಿಸುವ ಅಮೆಜಾನಿನ ಸೇವೆ), ಐರ್ಲೆಂಡ್ ಕೇಂದ್ರದಲ್ಲಿ ಇಟ್ಟೆ. ಆಡಿಯೊ ಫೈಲುಗಳನ್ನು ಮುಂಬೈ ಕೇಂದ್ರದಲ್ಲಿ ಇಟ್ಟೆ. ಲ್ಯಾಂಬ್ಡಾಗೆ ಹೋಗಿಬರುವುದು ನಾಲ್ಕು ಸಾಲಿನ ಸಂದೇಶ, ಅದು ದೂರದಲ್ಲಿದ್ದರೂ ಪರವಾಗಿಲ್ಲ. ಎಂಟು ಸೆಕೆಂಡಿನೊಳಗೆ ಉತ್ತರ ಬಂದರಾಯಿತು. ಆಡಿಯೊ ಹತ್ತಿರವಿರಬೇಕು. ಫೈಲಿನ ವಿಳಾಸ ಎಚ್‌ಟಿಟಿಪಿಎಸ್ ಆಗಿರಬೇಕು, 443ನೇ ಪೋರ್ಟಿನಲ್ಲೇ (ಸರ್ವರಿನ ಬಾಗಿಲಿನ ಸಂಖ್ಯೆ ಅನ್ನಿ) ಸಿಗಬೇಕು, ಸರ್ಟಿಫಿಕೇಟ್ ಸರಿಯಾಗಿರಬೇಕು. ಸಮುದಾಯ ರೇಡಿಯೊದವರು ಐಸ್‌ಕಾಸ್ಟ್ (ಇಂಟರ್ನೆಟ್ಟಿನಲ್ಲಿ ರೇಡಿಯೊ ಹರಿಸುವ ಸಾಫ್ಟ್‌ವೇರ್) ಸ್ಟ್ರೀಮನ್ನು ಅಲೆಕ್ಸಾಗೆ ತರಬೇಕೆಂದರೆ ಇಲ್ಲಿ ಎಚ್ಚರ ಬೇಕು. ಐಸ್‌ಕಾಸ್ಟ್ ಸಾಮಾನ್ಯವಾಗಿ 8000ನೇ ಪೋರ್ಟಿನಲ್ಲಿ ಇರುತ್ತದೆ, ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಹಾಕಿಕೊಂಡರೆ ಆಗುತ್ತದೆ. ಖರ್ಚಿನ ಭಯ ಬೇಡ. ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆಗಳು ಉಚಿತ. ಒಂದು ಮನೆಯಲ್ಲ, ಒಂದು ತಾಲ್ಲೂಕು ಕೇಳಿದರೂ ಅಷ್ಟಾಗುವುದು ಕಷ್ಟ.

ಪರೀಕ್ಷೆ ಮಾಡುವುದಕ್ಕೆ ನಿಜವಾದ ಸ್ಪೀಕರೇ ಬೇಕು. ಡೆವಲಪರ್ ಪುಟದಲ್ಲಿರುವ ಸಿಮ್ಯುಲೇಟರಿನಲ್ಲಿ ಸಂದೇಶಗಳನ್ನು ನೋಡಿಕೊಂಡೆ, ಕೇಳಿದ್ದೆಲ್ಲ ಸ್ಪೀಕರಿನಲ್ಲಿ. ನಮ್ಮದೇ ಅಕೌಂಟಿಗೆ ಸೇರಿಸಿದ ಸ್ಪೀಕರಿನಲ್ಲಿ ಪ್ರಕಟಿಸುವ ಮೊದಲೇ ಸ್ಕಿಲ್ ಓಡುತ್ತದೆ. ಬೇರೆಯವರಿಗೆ ಕೊಡಬೇಕೆಂದರೆ ಬೀಟಾ ಪರೀಕ್ಷೆಯ ಅವಕಾಶವಿದೆ, 500 ಜನರವರೆಗೆ, 90 ದಿನ. ಮೇಷ್ಟ್ರ ಮನೆಯಲ್ಲಿ, ದೇವಸ್ಥಾನದ ಹಳೆಯ ಕೇಳುಗರ ಮನೆಗಳಲ್ಲಿ ಹಾಗೆ ಕೇಳಿಸಿದೆ. ಅಂತಿಮ ಪರಿಶೀಲನೆಗೆ ಕಳಿಸುವ ಮೊದಲು ನೆನಪಿಡಬೇಕಾದ್ದು: ಓದು ನಡೆಯುವಾಗ ಜನ ನೆಕ್ಸ್ಟ್, ಪ್ರೀವಿಯಸ್, ಶಫಲ್, ಲೂಪ್ ಏನು ಬೇಕಾದರೂ ಹೇಳಬಹುದು. ಎಲ್ಲಕ್ಕೂ ಸರಿಯಾದ ಉತ್ತರ ಇರಬೇಕು. ಭಾರತವನ್ನು ಕಲಸಿ ಓದಿಸುವುದು ಸಾಧ್ಯವಿಲ್ಲ, ಆದರೆ ಶಫಲ್ ಅಂದವರಿಗೆ "ಇಲ್ಲಿ ಕಥೆ ಕ್ರಮವಾಗಿಯೇ ಬರುತ್ತದೆ" ಅಂತ ಹೇಳಿ ಓದನ್ನು ಮುಂದುವರಿಸಬೇಕು. ಓದು ಕನ್ನಡದಲ್ಲಿದೆ ಎಂದು ಸ್ಕಿಲ್‌ನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದೆ. ಐಕಾನು, ಖಾಸಗಿತನದ ಪುಟ, ಉದಾಹರಣೆ ವಾಕ್ಯಗಳು ಎಲ್ಲ ಒಂದೇ ಸಲ ಕೂತು ಮುಗಿಸುವಂಥವು.

ಮಾತೇ ಬೇಡದ ಒಂದು ದಾರಿಯೂ ಇದೆ. ಅಲೆಕ್ಸಾ ಆ್ಯಪ್‌ನಲ್ಲಿ ರೂಟೀನ್ ಇಟ್ಟರೆ ಪ್ರತಿದಿನ ಸಂಜೆ ಒಂದು ಹೊತ್ತಿಗೆ ಸ್ಕಿಲ್ ತಾನಾಗಿ ತೆರೆದುಕೊಳ್ಳುತ್ತದೆ. ಸಂಜೆ ಆರಕ್ಕೆ ಇಟ್ಟುಕೊಟ್ಟೆ. ದೊಡ್ಡಮ್ಮ ಕೆಲವು ದಿನ ಕೇಳಿ, ತೆಗಿಸಿಬಿಟ್ಟರು. "ಅದರ ಹೊತ್ತಿಗೆ ನಾನು ಕೂರೋದಾ? ನಾನು ಕರೆದಾಗ ಬರಲಿ ಸಾಕು" ಅಂದರು. ಸರಿಯಾದ ಮಾತು. ಮಾತು ಕಡಿಮೆ ಮಾಡಬೇಕು ಅನ್ನುವ ನನ್ನ ಲೆಕ್ಕಕ್ಕೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದನ್ನು ಅವರೇ ತೋರಿಸಿದರು. ಕಣ್ಣು ಕಾಣದವರ ದಿನದಲ್ಲಿ ತಾವೇ ಶುರು ಮಾಡುವ, ತಾವೇ ನಿಲ್ಲಿಸುವ ಕೆಲಸಗಳು ಒಂದೊಂದಾಗಿ ಕಡಿಮೆಯಾಗುತ್ತಾ ಹೋಗುತ್ತವೆ. ಇದೊಂದು ಅವರ ಕೈಯಲ್ಲಿ ಇರಲಿ.

ಅಮೆರಿಕದಲ್ಲಿರುವ ನಮ್ಮ ಕಡೆಯವರು ತಮಗೂ ಬೇಕು ಅಂದರು. ಸ್ಕಿಲ್ ಇಂಡಿಯನ್ ಇಂಗ್ಲಿಷಿಗೆ ಮಾತ್ರ ಇದ್ದರೆ ಅಲ್ಲಿಯ ಸ್ಪೀಕರಿನಲ್ಲಿ ಸಿಗುವುದಿಲ್ಲ. ಅಮೆರಿಕನ್ ಇಂಗ್ಲಿಷಿಗೆ ಬೇರೆಯಾಗಿ ಸೇರಿಸಬೇಕು. ಪ್ರೋಗ್ರಾಂ ಅದೇ, ಪರ್ವಗಳ ಹೆಸರಿನ ರೂಪಗಳನ್ನು ಮಾತ್ರ ಇನ್ನಷ್ಟು ಸೇರಿಸಿದೆ.

ಒಂದು ಮಾತನ್ನು ಇಂಥ ಕೆಲಸಕ್ಕೆ ಕೈಹಾಕುವ ಎಲ್ಲರಿಗೂ ಹೇಳುತ್ತೇನೆ. ಧ್ವನಿ ಮತ್ತು ಪಟ್ಟಿಯನ್ನು ಸ್ಕಿಲ್‌ನಿಂದ ಬೇರೆ ಇಡಿ. ಗೂಗಲ್ ಅಸಿಸ್ಟೆಂಟಿಗೂ ಹೀಗೆ ಹೊರಗಿನವರು ಬರೆಯುವ ಆ್ಯಪ್‌ಗಳಿದ್ದವು. 2023ರ ಜೂನ್ 13ಕ್ಕೆ ಆ ಏರ್ಪಾಡನ್ನು ನಿಲ್ಲಿಸಲಾಯಿತು. ವೇದಿಕೆಗಳು ಬರುತ್ತವೆ, ಹೋಗುತ್ತವೆ. ನನ್ನ ಎಂಪಿ3ಗಳು, ಪದ್ಯದ ಪಟ್ಟಿ ಎರಡೂ ಸಾದಾ ಫೈಲುಗಳಾಗಿ ಎರಡು ಡಿಸ್ಕಿನಲ್ಲಿವೆ. ಒಂದು ಪ್ರತಿ ಮೇಷ್ಟ್ರ ಮನೆಯಲ್ಲಿದೆ. ನಾಳೆ ಕನ್ನಡ ಬರುವ ಯಂತ್ರ ಬಂದರೆ ಅದಕ್ಕೂ ಇವೇ ಸಾಕು.

ಈಗ ಸೇರಿಸುತ್ತಿರುವುದು "ರಿಪೀಟ್". ವ್ಯಾಖ್ಯಾನ ಕೇಳಿದ ಮೇಲೆ ದೊಡ್ಡಮ್ಮನಿಗೆ ಆ ಪದ್ಯವನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದಂತೆ. "ಅರ್ಥ ಆದಮೇಲೆ ಕೇಳೋದೇ ಬೇರೆ" ಅನ್ನುತ್ತಾರೆ. ಆ ಮಾತು ಹೇಳಿದ ಕ್ಷಣದಲ್ಲಿ ಓದು ಎಲ್ಲಿದೆ ಎಂಬುದು ಸಂದೇಶದ ಜೊತೆಯಲ್ಲೇ ಬರುತ್ತದೆ. ಪಟ್ಟಿಯಲ್ಲಿ ಅದಕ್ಕಿಂತ ಹಿಂದಿನ ಪದ್ಯ ಹುಡುಕಿ ಅಲ್ಲಿಂದ ಹಾಕಬೇಕು. ವ್ಯಾಖ್ಯಾನ ಎರಡು ಮೂರು ಪದ್ಯಗಳಿಗೆ ಒಟ್ಟಿಗೆ ಇರುವ ಕಡೆ ಯಾವುದರಿಂದ ಶುರು ಮಾಡಬೇಕು ಎಂಬುದಕ್ಕೆ ಪಟ್ಟಿಯಲ್ಲಿ ಇನ್ನೊಂದು ಗುರುತು ಬೇಕಾಗಿದೆ. ಆದಿಪರ್ವ, ಸಭಾಪರ್ವಕ್ಕೆ ಆ ಗುರುತು ಹಾಕಿ ಮುಗಿಸಿದ್ದೇವೆ, ಅರಣ್ಯಪರ್ವ ನಡೆಯುತ್ತಿದೆ.